ಒಲೆಗೆ ಹೋಗಬೇಕಿದ್ದ ಗೊಂಬೆಗಳು

ಅದು ಸೋಮವಾರ. ಸೋಮವಾರ ಅವ್ವನಿಗೆ ಒಪ್ಪೊತ್ತು, ಹಾಗಾಗಿ ಸಂಜೆಯ ಹೊತ್ತಿಗೆ ಅವಳ ಮಾತು ಒಂದು ಕೈ ಖಾರವಾಗಿಯೇ ಇರುತ್ತಿತ್ತು. ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಿಂದ ಬಂದವಳು, ಸೀರೆಗೆ ಹತ್ತಿದ ಬೆಂದ ಗೂಡಿನ ವಾಸನೆ ಹೋಗಲೆಂದು ಮೊದಲು ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಈಶ್ವರನ ಪಟಕ್ಕೆ ದೀಪ ಹಚ್ಚಿದಳು. ಇನ್ನೇನು ಊಟಕ್ಕೆ ಕೂರಬೇಕು ಎನ್ನುವಾಗ ಮಂಚ ವಾಲಿತು. ನಮ್ಮ ಮನೆಯಲ್ಲಿದ್ದದ್ದು ಒಂದೇ ಮಂಚ. ಅದರ ನಾಲ್ಕನೇ ಕಾಲು ನಾನು ಹುಟ್ಟುವ ಮೊದಲೇ ಗೆದ್ದಲು ಹಿಡಿದು ಹೋಗಿತ್ತಂತೆ. ಆ ಜಾಗದಲ್ಲಿ ಒಂದರ ಮೇಲೊಂದು ಇಟ್ಟಿಗೆ ಪೇರಿಸಿದ್ದರು. ನಾನು ಮಂಚದಿಂದ ಕೆಳಗೆ ಹಾರಿದ್ದಕ್ಕೆ ಮೇಲಿನ ಇಟ್ಟಿಗೆ ಜಾರಿ, ಅವ್ವ ಮಡಿಸಿಟ್ಟಿದ್ದ ಬಟ್ಟೆಯೆಲ್ಲ ನೆಲಕ್ಕೆ ಸುರಿಯಿತು. ಅಪ್ಪ ಹಿತ್ತಲಿನ ಶೆಡ್ಡಿನಿಂದ ಆಗತಾನೇ ಎದ್ದು ಬಂದಿದ್ದ. ಅವನ ತಲೆ, ಹುಬ್ಬು, ಕೈಯ ಕೂದಲಿನಲ್ಲೆಲ್ಲ ಮರದ ಪುಡಿ.

“ಊರ್ ಮಕ್ಳಿಗೆಲ್ಲಾ ಗೊಂಬೆ ಮಾಡ್ಕೊಡ್ತೀರ. ನಿಮ್ಮನೆ ಮಂಚಕ್ಕೆ ಒಂದ್ ಕಾಲ್ ಮಾಡಕ್ಕಾಗಕಿಲ್ವಾ?”

“ಮಾಡಾನ ಬುಡು. ಈ ಮಾಲೊಂದು ಹೋಗ್ಬುಡ್ಲಿ.”

“ನಾನ್ ಬಂದಾಗಿಂದ ಹೋಯ್ತಾನೇ ಐತೆ ನಿಮ್ ಮಾಲು. ಪಾಪ, ಇಟ್ಗೆಗೂ ವಯಸ್ಸಾಯ್ತು.”

ಅಪ್ಪ ನಕ್ಕ. ಅವ್ವನಿಗೂ ನಗು ಬಂತು, ಆದರೆ ಅದನ್ನು ತೋರಿಸಬಾರದೆಂದು ಬಟ್ಟೆ ಎತ್ತಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿಕೊಂಡಳು. ಆಮೇಲೆ ಮೂವರೂ ಉಂಡೆವು. ಅವರೆಕಾಳಿನ ಸಾರಿತ್ತು. ಅವ್ವ ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು, ನಾನು ಬೇಡ ಎಂದೆ, ಅವಳು ಹಾಕಿಯೇ ಹಾಕಿದಳು.

ಮಾರನೇ ದಿನ ಅವ್ವ ಕಾರ್ಖಾನೆಗೆ ಹೋಗಲಿಲ್ಲ, ಮೈ ಬಿಸಿ ಎಂದಳು. ಶನಿವಾರ ಬೆಳಿಗ್ಗೆ ತೀರಿಕೊಂಡಳು. ನನಗಾಗ ಹತ್ತು ವರ್ಷ. ಆ ನಡುವಿನ ದಿನಗಳ ಬಗ್ಗೆ ಬರೆಯಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಕಷಾಯದ ಲೋಟ, ಹಣೆಯ ಮೇಲಿನ ಒದ್ದೆ ಬಟ್ಟೆ, ಬಾಗಿಲಲ್ಲಿ ಬಿಟ್ಟಿದ್ದ ಬೇರೆಯವರ ಚಪ್ಪಲಿಗಳು, ಇಷ್ಟೇ ನೆನಪಿರುವುದು. ಈಗ ಅಪ್ಪನೂ ಹೋಗಿ ಎಂಟು ತಿಂಗಳಾಗಿದೆ. ಅಪ್ಪನನ್ನು ನೆನೆಸಿಕೊಳ್ಳೋಣವೆಂದು ಕೂತರೆ ಅವನ ಮುಪ್ಪು, ಕಾಯಿಲೆ ಯಾವುದೂ ಬರುವುದಿಲ್ಲ. ಅವ್ವ ಸತ್ತ ಮೇಲಿನ ಒಂದು ತಿಂಗಳು ಬರುತ್ತದೆ. ಅದಕ್ಕೆ ಮೊದಲು ನನಗೆ ಅಪ್ಪನೆಂದರೆ ಶೆಡ್ಡಿನಲ್ಲಿ ನಮಗೆ ಬೆನ್ನು ಮಾಡಿ ಕೂತಿರುತ್ತಿದ್ದ ಒಬ್ಬ ಮನುಷ್ಯ. ಆ ತಿಂಗಳಿನಲ್ಲಿ ಅವನು ತಿರುಗಿ ಕೂತ.

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಮನೆಗೊಂದು ಲೇತ್ ಮಿಷನ್ ಇತ್ತು. ಬೆಳಿಗ್ಗೆ ಕರೆಂಟ್ ಬಂದರೆ ಇಡೀ ಬೀದಿ ಒಟ್ಟಿಗೆ ಗುಂಯ್ ಎನ್ನುತ್ತಿತ್ತು, ಹೋದರೆ ಒಟ್ಟಿಗೆ ಸುಮ್ಮನಾಗುತ್ತಿತ್ತು. ಆಲೆ ಎಂಬ ಮೆದುವಾದ ಬಿಳಿ ಮರದ ತುಂಡನ್ನು ಮಿಷನ್ನಿಗೆ ಸಿಕ್ಕಿಸಿ, ಅದು ಗಿರ್ರನೆ ತಿರುಗುವಾಗ ಉಳಿ ಕೊಟ್ಟು ಆಕಾರ ತೆಗೆದು, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ ಆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಕನ್ನಡಿಯಂತೆ ಹೊಳೆಯುತ್ತದೆ. ಇಷ್ಟೆಲ್ಲ ಹೊಳೆಯುವ ಸಾಮಾನು ಮಾಡುವವರ ಮನೆಗಳಲ್ಲಿ ಮಾತ್ರ ಹೊಳೆಯುವುದೆಂಬುದು ಏನೂ ಇರುತ್ತಿರಲಿಲ್ಲ. ಚೆನ್ನಾಗಿ ಬಂದದ್ದು ಮೂಟೆ ಕಟ್ಟಿ ಅಂಗಡಿಗೆ ಹೋಗುತ್ತಿತ್ತು. ಸೀಳು ಬಿಟ್ಟದ್ದು, ಕಿವಿ ಮುರಿದದ್ದು, ಬಣ್ಣ ಕೂಡದ್ದು ಸ್ನಾನದ ಹಂಡೆಯ ಒಲೆಗೆ ಹೋಗುತ್ತಿತ್ತು. ಅರಗು ಸುಟ್ಟರೆ ಒಂದು ಬಗೆಯ ಸಿಹಿ ವಾಸನೆ. ನಮ್ಮ ಬೀದಿಯ ಮಕ್ಕಳೆಲ್ಲ ಗೊಂಬೆ ಸುಟ್ಟ ನೀರಿನಲ್ಲಿ ಮಿಂದು ಸ್ಕೂಲಿಗೆ ಹೋಗುತ್ತಿದ್ದೆವು. ಗೊಂಬೆಯನ್ನು ಯಾರೂ ಆಡಲು ಇಟ್ಟುಕೊಳ್ಳುತ್ತಿರಲಿಲ್ಲ. ಹೋಟೆಲಿನವರ ಮನೆಯ ಮಕ್ಕಳಿಗೆ ಇಡ್ಲಿ ಹೇಗೋ ನಮಗೆ ಅದು ಹಾಗೆ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅಜ್ಜಿ, ಅಂದರೆ ಅವ್ವನ ತಾಯಿ, ದೊಡ್ಡಆಲಹಳ್ಳಿಗೆ ಹೊರಟು ನಿಂತಳು. ನನ್ನ ಎರಡು ಲಂಗ, ಸ್ಕೂಲಿನ ಪುಸ್ತಕ ಒಂದು ಚೀಲದಲ್ಲಿ ಸೇರಿದ್ದವು. ಅದನ್ನು ಯಾರು ತುಂಬಿದರೋ ನನಗೆ ಗೊತ್ತಿಲ್ಲ. ಅಪ್ಪ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ.

“ಮಗೀನ ನಾನ್ ಕರ್ಕೊಂಡೋಯ್ತೀನಿ ಶಿವಲಿಂಗಪ್ಪ. ಹೆಣ್ ಕೂಸು. ಇಲ್ಲಿ ಯಾರವ್ರೆ ನೋಡ್ಕಳಕೆ? ನೀನೋ ಬೆಳಗಾದ್ರೆ ಆ ಮಿಷನ್ ಮುಂದೆ ಕೂತ್ಕಂಡ್ರೆ ಮನೆ ಹತ್ಕಂಡ್ ಉರುದ್ರೂ ಎದ್ದೇಳೋನಲ್ಲ.”

“ಪರೀಕ್ಸೆ ಐತೆ ಅತ್ತೆ, ಅವ್ಳಿಗೆ.”

“ನಮ್ಮೂರಲ್ಲಿ ಸ್ಕೂಲಿಲ್ವಾ?”

ಅಪ್ಪ ನೆಲ ನೋಡಿಕೊಂಡು ನಿಂತಿದ್ದ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದ:

“ಒಂದ್ ತಿಂಗ್ಳು ಬುಡಿ. ಆಮೇಲೆ ನೀವ್ ಹೇಳ್ದಂಗೆ.”

ಅಜ್ಜಿ ಮನೆಯನ್ನು ಒಂದು ಸುತ್ತು ನೋಡಿದಳು. ಒಂದು ಕೋಣೆ, ಅದಕ್ಕೆ ಹತ್ತಿದ ಅಡುಗೆಮನೆ. ಹಗ್ಗದ ಮೇಲೆ ಎಲ್ಲರ ಬಟ್ಟೆ, ಮೂಲೆಯಲ್ಲಿ ಅರಿಶಿನದ ಡಬ್ಬಿಯಿಂದ ಹಿಡಿದು ಮೊಳೆಯ ಡಬ್ಬಿಯವರೆಗೆ ಎಲ್ಲ ಒಂದೇ ರಾಶಿ, ಇಟ್ಟಿಗೆಯ ಮೇಲೆ ನಿಂತ ಮಂಚ.

“ಬತ್ತೀನಿ ತಿಂಗ್ಳಿಗೆ. ಇದು ಮಗ ಬೆಳ್ಯೋ ಮನೆಯಂಗಿದ್ರೆ ಬುಡ್ತೀನಿ. ಇಲ್ದಿದ್ರೆ ನೀನು ಬಾಯ್ ಬುಡಬಾರ್ದು.”

ನನಗೆ ಅಜ್ಜಿಯ ಮನೆಯೆಂದರೆ ಇಷ್ಟವೇ. ಅಲ್ಲಿ ಹಸು ಇತ್ತು, ಕುರಿಮರಿಗಳಿದ್ದವು, ಬೇಸಿಗೆ ರಜೆಯಲ್ಲಿ ಬರಬೇಕಾದರೆ ಅಳುತ್ತಿದ್ದೆ. ಆದರೆ ರಜೆಗೆ ಹೋಗುವುದು ಬೇರೆ. ಈಗ ಹೋದರೆ ಅವ್ವ ಸತ್ತದ್ದು ನಿಜವಾಗಿಬಿಡುತ್ತದೆ ಎಂದು ನನಗೆ ಅನ್ನಿಸಿತ್ತು. ಜೊತೆಗೆ ಅಪ್ಪ ಒಬ್ಬನೇ ಆದರೆ ಊಟ ಮಾಡುವುದಿಲ್ಲ ಎಂಬುದೂ ಗೊತ್ತಿತ್ತು. ಅವ್ವ ಶೆಡ್ಡಿನ ಬಾಗಿಲಿಗೆ ಹೋಗಿ ಮೂರು ಸಲ ಕೂಗದೆ ಅವನು ಯಾವತ್ತೂ ಎದ್ದು ಬಂದವನಲ್ಲ. ಅಜ್ಜಿ ಬಸ್ಸಿಗೆ ಹೋದ ಮೇಲೆ ನಾನು ಆ ಚೀಲದಿಂದ ಲಂಗ ತೆಗೆದು ಮತ್ತೆ ಹಗ್ಗದ ಮೇಲೆ ಹಾಕಿದೆ. ಅಪ್ಪ ನೋಡಿದ.

ಮಾರನೇ ದಿನ ಬೆಳಿಗ್ಗೆ ಅವನು ನನಗೆ ನೀರು ಕಾಯಿಸಲು ಕೂತಿದ್ದ. ಅವ್ವ ಇದ್ದಾಗ ಅದು ಅವಳ ಕೆಲಸ. ಪಕ್ಕದಲ್ಲಿ ಒಡಕು ಮಾಲಿನ ಬುಟ್ಟಿ. ಒಂದೊಂದೇ ಒಲೆಗೆ ಹಾಕುತ್ತಿದ್ದವನು ಒಂದು ಗೊಂಬೆಯ ತಲೆ ಹಿಡಿದು ಹಾಗೇ ಕೂತುಬಿಟ್ಟ. ದುಂಡು ತಲೆ, ಕಪ್ಪು ಟೋಪಿ, ಕುತ್ತಿಗೆಯ ಹತ್ತಿರ ಒಂದು ಸಣ್ಣ ಸೀಳು. ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ನಂತರ ಎದ್ದು ಹೋಗಿ ಗೋಡೆಯ ಮೇಲೆ ಒಂದು ಮೊಳೆಯ ಹತ್ತಿರ ಹಿಡಿದು ನೋಡಿದ.

“ಮಗ, ನಿನ್ ಸ್ಕೂಲ್ ಬ್ಯಾಗು ತಕ್ಕಂಬಾ ಒಸಿ.”

ಬ್ಯಾಗನ್ನು ಆ ತಲೆಗೆ ನೇತುಹಾಕಿ ನಿಲ್ಲುತ್ತದೆಯೇ ಎಂದು ನೋಡಿದ. ಒಲೆ ಆರಿಹೋಗಿ, ಅವತ್ತು ನಾನು ತಣ್ಣೀರಿನಲ್ಲಿ ಸ್ನಾನ ಮಾಡಿದೆ. ಸ್ಕೂಲಿನಿಂದ ಬರುವ ಹೊತ್ತಿಗೆ ಗೋಡೆಯ ಮೇಲೆ ಸಾಲಾಗಿ ಆರು ತಲೆಗಳಿದ್ದವು. ಒಂದು ಉದ್ದ ಹಲಗೆಗೆ ಆರು ತೂತು ಕೊರೆದು, ಆರು ಗೊಂಬೆಯ ತಲೆಗಳನ್ನು ಗೂಟದಂತೆ ಹೊಡೆದಿದ್ದ. ಒಂದರ ಮೇಲೆ ಅವನ ಟವಲು, ಒಂದರ ಮೇಲೆ ನನ್ನ ಲಂಗ. ಬಟ್ಟೆ ಒಣಗಿಸುವ ಹಗ್ಗ ಕೋಣೆಯಿಂದ ಹೊರಗೆ ಹೋಗಿತ್ತು. ಹಗ್ಗ ಹೋದದ್ದರಿಂದಲೇ ಕೋಣೆ ಎಷ್ಟು ದೊಡ್ಡದಾಯಿತೆಂದರೆ ನಾವಿಬ್ಬರೂ ನಡುವೆ ನಿಂತು ಸುಮ್ಮನೆ ನೋಡಿದೆವು.

ಅಲ್ಲಿಂದ ಅಪ್ಪನಿಗೆ ಹುಚ್ಚು ಹಿಡಿಯಿತು. ದಿನದ ಮಾಲು ಮುಗಿಸಿ, ಸಂಜೆ ಕರೆಂಟ್ ಇರುವಷ್ಟು ಹೊತ್ತು ಮನೆಯ ಕೆಲಸ. ಹೊಸದೆಂದು ಏನೂ ಕೊಳ್ಳುವಂತಿರಲಿಲ್ಲ. ಇರುವುದರಲ್ಲೇ, ಬಿಸಾಡಿದ್ದರಲ್ಲೇ ಆಗಬೇಕು. ಲೇತಿನ ಮುಂದೆ ಕೂತವನಿಗೆ ಚೌಕದ್ದು ಬರುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆಗಲೇ. ಅವನು ಏನು ಮಾಡಿದರೂ ದುಂಡಗೆ. ಮಂಚಕ್ಕೆ ಕೊನೆಗೂ ಕಾಲು ಮಾಡಿದ. ಉಳಿದ ಮೂರು ಕಾಲು ಬೋಳು ಬೋಳು ಚೌಕ, ಇದೊಂದು ಮಾತ್ರ ಹೊಟ್ಟೆ, ಸೊಂಟ, ಕುತ್ತಿಗೆ ಎಲ್ಲ ಇದ್ದು, ಕೆಂಪು ಹಳದಿ ಪಟ್ಟಿ ಹಾಕಿಕೊಂಡು ನಿಂತಿತ್ತು. ಹಳೆಯ ಬಾಗಿಲ ಹಲಗೆಯನ್ನು ಕೊಯ್ದು ಎರಡು ಪುಟ್ಟ ಸ್ಟೂಲು ಮಾಡಿದ. ತುಕ್ಕು ಹಿಡಿದ ಡಬ್ಬಿಗಳನ್ನು ನಾನು ಮರಳಿನಿಂದ ಉಜ್ಜಿದೆ, ಅವನು ಮುಚ್ಚಳಕ್ಕೆಲ್ಲ ಬಣ್ಣದ ಗುಂಡು ಹಿಡಿ ಕೂರಿಸಿದ. ಉಪ್ಪಿಗೆ ಬಿಳಿ, ಖಾರಕ್ಕೆ ಕೆಂಪು, ಅರಿಶಿನಕ್ಕೆ ಹಳದಿ. ಅಂಗಡಿಯವರು ಬೇಡವೆಂದ ಮಣಿಗಳನ್ನು ನಾನು ದಾರಕ್ಕೆ ಪೋಣಿಸಿದೆ, ಅದು ಅಡುಗೆಮನೆಯ ಬಾಗಿಲಿಗೆ ಪರದೆಯಾಯಿತು. ಅದರೊಳಗಿಂದ ಹಾದುಹೋಗುವಾಗ ಸಣ್ಣ ಮಳೆಯಂತೆ ಸದ್ದು.

ಪಕ್ಕದ ಮನೆಯ ಬಾಬಣ್ಣನೂ ಲೇತ್ ಕೆಲಸದವನೇ, ಅಪ್ಪನ ಜೊತೆಗಾರ. ಅವನು ದಿನಾ ಒಂದು ಸಲ ಬಂದು ಹಾಸ್ಯ ಮಾಡಿ ಹೋಗುತ್ತಿದ್ದ.

“ಏನ್ಲಾ ಶಿವಲಿಂಗ, ಅಂಗಡಿ ಇಡ್ತೀಯಾ ಇಲ್ಲಾ ಮದ್ವೆ ಮಾಡ್ಕೊಳ್ತೀಯಾ?”

“ಬಾಯ್ ಮುಚ್ಲಾ. ಮಗ ಕೇಳುಸ್ಕೊಳ್ತದೆ.”

“ಅಲ್ವೋ, ಮಂಚದ್ ಕಾಲ್ಗೆ ಇಷ್ಟ್ ಸಿಂಗಾರ ಮಾಡಿದ್ದೀಯ, ನೀನ್ ಮಾತ್ರ ಗಡ್ಡ ತೆಗ್ದಿಲ್ಲ ಅಂತ ಕೇಳ್ದೆ.”

ಹಾಸ್ಯ ಮಾಡಿದರೂ ಅವನೇ ಒಂದು ದಿನ ಹೆಗಲ ಮೇಲೆ ಹಳೆಯ ಚಂದ್ರಿಕೆಯೊಂದನ್ನು ಹೊತ್ತು ತಂದ. ರೇಷ್ಮೆ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಾಪೆಯದು, ಆಳೆತ್ತರ, ಮೈಯೆಲ್ಲ ಸುರುಳಿ ಸುರುಳಿ. ಅವನ ನೆಂಟರು ಹುಳು ಸಾಕುವುದನ್ನು ಬಿಟ್ಟಿದ್ದರಂತೆ. ಅಪ್ಪ ಅದರ ಮುರಿದ ಅಂಚನ್ನು ಕಟ್ಟಿ, ಎರಡು ದುಂಡು ಕಂಬದ ನಡುವೆ ನಿಲ್ಲಿಸಿದ. ಕೋಣೆಯ ಒಂದು ಮೂಲೆ ಬೇರೆಯಾಯಿತು. ಅದರ ಹಿಂದೆ ನನ್ನ ಚಾಪೆ, ನನ್ನ ಪುಸ್ತಕ, ನನಗೊಂದು ಸ್ಟೂಲು. ಬಿದಿರಿನ ಸಂದಿಯಲ್ಲಿ ಅಲ್ಲಲ್ಲಿ ರೇಷ್ಮೆಯ ಎಳೆ ಇನ್ನೂ ಅಂಟಿಕೊಂಡಿತ್ತು. ಬೆಳಿಗ್ಗೆ ಬಿಸಿಲು ಅದರ ಮೂಲಕ ಬಂದರೆ ನನ್ನ ಕಾಲಿನ ಮೇಲೆಲ್ಲ ಸುರುಳಿ ನೆರಳು. ನನ್ನದು ಎನ್ನುವ ಜಾಗ ನನಗೆ ಸಿಕ್ಕಿದ್ದು ಅದೇ ಮೊದಲು. ಅವ್ವ ಸತ್ತು ಒಂದು ತಿಂಗಳೂ ಆಗಿಲ್ಲ, ನಾನು ಖುಷಿಯಾಗಿದ್ದೇನೆ ಎಂದು ಹೆದರಿಕೆಯಾಗಿ, ಆ ಮೂಲೆಯಲ್ಲಿ ಕೂತು ಒಂದು ದಿನ ಬೇಕೆಂದೇ ಅತ್ತೆ.

ಅರಗು ಹಚ್ಚುವುದನ್ನೂ ಅಪ್ಪ ನನಗೆ ಆಗಲೇ ಕಲಿಸಿದ್ದು. ಅವನು ಹಿಂದೆ ನಿಂತು ನನ್ನ ಎರಡೂ ಕೈ ಹಿಡಿದು, ಕಡ್ಡಿಯನ್ನು ಎಷ್ಟು ಒತ್ತಬೇಕು ಎಂದು ತೋರಿಸುತ್ತಿದ್ದ. ಜೋರಾಗಿ ಒತ್ತಿದರೆ ಗಂಟು ಕಟ್ಟುತ್ತದೆ, ಮೆಲ್ಲಗೆ ಒತ್ತಿದರೆ ಹತ್ತುವುದೇ ಇಲ್ಲ. ಹದ ಸಿಕ್ಕಿದಾಗ ಬಣ್ಣ ತಾನಾಗಿಯೇ ಹರಿದು ಮರವನ್ನು ಸುತ್ತುತ್ತದೆ. ನನಗೆ ಅದು ಬಹಳ ಬೇಗ ಬಂತು. ಬಂದ ಮೇಲೆ ನನಗೆ ಬೋಳು ಮರ ಕಂಡರೆ ಆಗುತ್ತಿರಲಿಲ್ಲ. ಲಟ್ಟಣಿಗೆಯ ಹಿಡಿಗೆ ಹಚ್ಚಿದೆ, ಪೊರಕೆಯ ಹಿಡಿಗೆ ಹಚ್ಚಿದೆ. ಅಜ್ಜಿ ಬರಲು ಎರಡು ದಿನವಿದೆ ಎನ್ನುವಾಗ ಅಡುಗೆಮನೆಯಲ್ಲಿ ಉಳಿದದ್ದು ಮುದ್ದೆ ಕೋಲು ಒಂದೇ. ಕಪ್ಪಗೆ, ಹಿಟ್ಟು ಕುಡಿದು ಕುಡಿದು ಕರಕಲಾಗಿ, ಹೊಸ ಡಬ್ಬಿಗಳ ಪಕ್ಕದಲ್ಲಿ ಕೊಳಕಾಗಿ ಕಾಣುತ್ತಿತ್ತು.

“ಇದುನ್ನೂ ಹೊಸ್ದು ಮಾಡ್ಕೊಡಪ್ಪ.”

ಅಪ್ಪ ಕೋಲನ್ನು ಮಿಷನ್ನಿಗೆ ಸಿಕ್ಕಿಸಿದ. ಇಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲೇತಿನಲ್ಲಿ ಮರ ತಿರುಗುವಾಗ ಅದು ಪೂರ್ತಿ ದುಂಡಗಿದ್ದರೆ ನಿಂತಿದೆಯೋ ಎಂಬಂತೆ ಕಾಣುತ್ತದೆ. ಎಲ್ಲಾದರೂ ತಗ್ಗಿದ್ದರೆ ಅಲ್ಲಿ ಮಸುಕು ಮಸುಕಾಗಿ ಅಲುಗಾಡುತ್ತದೆ. ಆ ಅಲುಗಾಟ ಕಣ್ಣಿಗೆ ಬಿದ್ದರೆ ಸಾಕು, ಲೇತಿನವನ ಕೈ ಉಳಿಯನ್ನು ಒಯ್ದು ಅಲ್ಲಿಡುತ್ತದೆ. ಅದಕ್ಕೆ ಯೋಚನೆ ಬೇಕಿಲ್ಲ, ಕಣ್ಣಿಗೆ ಧೂಳು ಬಿದ್ದರೆ ರೆಪ್ಪೆ ಮುಚ್ಚಿದಂತೆ. ಕೋಲಿನ ಮೇಲ್ಗಡೆ ಒಂದು ಬದಿ ಅಲುಗಾಡುತ್ತಿತ್ತು. ಅಪ್ಪ ಉಳಿ ಕೊಟ್ಟ. ಕಪ್ಪು ಸಿಪ್ಪೆ ಸುರುಳಿ ಸುರುಳಿಯಾಗಿ ಅವನ ಮಂಡಿಯ ಮೇಲೆ ಬಿತ್ತು, ಅಲುಗಾಟ ಸಣ್ಣದಾಯಿತು, ಇಲ್ಲವಾಯಿತು. ಒಳಗಿನಿಂದ ಬೆಣ್ಣೆಯಂಥ ಬಿಳಿ ಮರ ಬಂತು. ಅಪ್ಪ ಅದರ ಮೇಲೆ ಸೀಸದ ಕಡ್ಡಿಯಿಂದ ಒಂದು ಗೆರೆ ಎಳೆದ.

“ಇಲ್ಲೀಗಂಟ ಮಾತ್ರ ಬಣ್ಣ. ಇದ್ರ ಕೆಳಕ್ಕೆ ಬ್ಯಾಡ ಮಗ. ಬಿಸೀಗೆ ಅರಗು ಬುಟ್ಕೊಳ್ತದೆ.”

ಅಷ್ಟು ಹೇಳಿ ಬಾಬಣ್ಣ ಕರೆದನೆಂದು ಟೀ ಕುಡಿಯಲು ಹೋದ. ನಾನು ಗೆರೆಯವರೆಗೆ ಹಸಿರು ಹಚ್ಚಿದೆ. ನೋಡಿದರೆ ಅದು ಅರ್ಧ ಲಂಗ ಉಟ್ಟುಕೊಂಡಂತೆ ಕಂಡಿತು. ಇನ್ನು ಸ್ವಲ್ಪ ಎಂದು ಕೆಳಗೆ ಹೋದೆ. ಕೊನೆಗೆ ತುದಿಯವರೆಗೂ ಹಚ್ಚಿ, ತಾಳೆಗರಿ ಒತ್ತಿ, ಡಬ್ಬಿಗಳ ಸಾಲಿನ ಹಿಂದೆ ನಿಲ್ಲಿಸಿಬಿಟ್ಟೆ. ಆ ಎರಡು ದಿನವೂ ಅಪ್ಪ ಚಿತ್ರಾನ್ನ ಮಾಡಿದ. ಕೋಲನ್ನು ಅವನು ನೋಡಲಿಲ್ಲ.

ಅಜ್ಜಿ ಬಂದದ್ದು ಭಾನುವಾರ. ಮುಂಚಿನ ದಿನವೇ ಅಪ್ಪ ನೆಲ ಸಾರಿಸಿ, ಗಡ್ಡ ತೆಗೆದು, ಬೆಳಿಗ್ಗೆ ನನ್ನ ಕೂದಲು ಬಾಚಿ ಜಡೆ ಹಾಕಿದ್ದ. ಅವನು ಹಾಕಿದ ಜಡೆಯೂ ಕಡೆದ ಕೋಲಿನಂತೆ ದುಂಡಗೆ ಗಟ್ಟಿಯಾಗಿ ನೆಟ್ಟಗೆ ನಿಲ್ಲುತ್ತಿತ್ತು. ಅಜ್ಜಿ ಒಳಗೆ ಕಾಲಿಟ್ಟವಳು ಮೊದಲು ಕಂಡದ್ದು ಗೋಡೆಯ ಆರು ತಲೆಗಳನ್ನು.

“ಶಿವನೇ! ಇದೇನ್ ಶಿವಲಿಂಗಪ್ಪ, ಗೋಡೆ ತುಂಬಾ ರುಂಡ ನೇತಾಕಿದ್ದೀಯಲ್ಲ!”

“ಬಟ್ಟೆ ಹಾಕಕೆ ಅತ್ತೆ.”

“ಅವು ನನ್ನೇ ದುರುಗುಟ್ಕೊಂಡ್ ನೋಡ್ತಾವೆ. ಇವುಗಳ್ ಮುಂದೆ ಸೀರೆ ಉಟ್ಕೊಳದೆಂಗೆ?”

ಎಂದು ಅವುಗಳ ಮೇಲೆ ತನ್ನ ಟವಲು ಮುಚ್ಚಿದಳು. ಆದರೆ ಆಮೇಲೆ ಮೆಲ್ಲಗೆ ಎಲ್ಲವನ್ನೂ ನೋಡುತ್ತ ಬಂದಳು. ಮಂಚವನ್ನು ಅಲುಗಾಡಿಸಿದಳು, ಅದು ಅಲುಗಲಿಲ್ಲ. ಕೆಂಪು ಕಾಲನ್ನು ನೋಡಿ “ನಾಕ್ರಲ್ಲಿ ಇವ್ನೊಬ್ಬ ಮದ್ವೆಗಂಡು” ಎಂದಳು. ಚಂದ್ರಿಕೆಯ ಹಿಂದೆ ಹೋಗಿ ನನ್ನ ಚಾಪೆಯ ಮೇಲೆ ಕೂತು, ಅಲ್ಲಿಂದ ಹೊರಗೆ ಕಾಣುತ್ತದೆಯೇ, ಹೊರಗಿನವರಿಗೆ ಒಳಗೆ ಕಾಣುತ್ತದೆಯೇ ಎಂದು ಎರಡೂ ಕಡೆಯಿಂದ ಪರೀಕ್ಷೆ ಮಾಡಿದಳು. ನನ್ನ ಜಡೆ ಹಿಡಿದು ತೂಗಿ ನೋಡಿ, “ಯಾರಾಕಿದ್ದು?” ಎಂದಳು. ಅಪ್ಪ ಎಂದೆ. ಅವಳು ಯಾವ ಕಡೆ ವಾಲುತ್ತಿದ್ದಾಳೆ ಎಂದು ನಾನು ಅವಳ ಮುಖವನ್ನೇ ನೋಡುತ್ತ ಹಿಂದೆ ಹಿಂದೆ ಸುತ್ತಿದೆ.

ಊಟದ ಹೊತ್ತಾಯಿತು. ಅಪ್ಪ ಬಾಬಣ್ಣನ ಮನೆಯಿಂದ ತಟ್ಟೆ ತರಲು ಹೋಗಿದ್ದ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ತಾನೇ ಎಸರಿಟ್ಟಳು, ಹಿಟ್ಟು ಹಾಕಿದಳು, ಡಬ್ಬಿಗಳ ಹಿಂದೆ ಕೈಹಾಕಿ ಕೋಲು ತೆಗೆದಳು. ಹಸಿರು ಕೋಲನ್ನು ಕಂಡು ಸ್ವಲ್ಪ ಅನುಮಾನಿಸಿದರೂ ಪಾತ್ರೆಗೆ ಇಳಿಸಿದಳು. ಎರಡು ಸುತ್ತು ತಿರುವುವ ಹೊತ್ತಿಗೆ ಸಿಹಿ ವಾಸನೆ ಬಂತು, ಬೀದಿಯ ಹಂಡೆ ಒಲೆಗಳ ವಾಸನೆ. ಹಿಟ್ಟಿನಲ್ಲಿ ಹಸಿರು ಗೆರೆಗಳು ಎದ್ದವು. ಕೋಲು ಮುದ್ದೆಗೆ ಕಚ್ಚಿಕೊಂಡಿತು, ಎಳೆದರೆ ಹಸಿರು ಎಳೆ ಎಳೆಯಾಗಿ ಬಂತು. ನಾನು ಬಾಗಿಲಲ್ಲಿ ಮಣಿ ಪರದೆ ಹಿಡಿದುಕೊಂಡು ನಿಂತಿದ್ದೆ. ಅಷ್ಟರಲ್ಲಿ ಅಪ್ಪ ತಟ್ಟೆ ಹಿಡಿದು ಬಂದ.

ಅಜ್ಜಿ ಮುದ್ದೆಯನ್ನು ನೋಡುತ್ತಿರಲಿಲ್ಲ. ಕೋಲನ್ನು ಎತ್ತಿ ಹಿಡಿದು, ಅದರ ಮೇಲ್ಗಡೆ ಬೆರಳಾಡಿಸುತ್ತಿದ್ದಳು. ಒಂದು ಕಡೆ ಹಿಡಿದಳು, ತಿರುಗಿಸಿ ಇನ್ನೊಂದು ಕಡೆ ಹಿಡಿದಳು. ಏನನ್ನೋ ಹುಡುಕುತ್ತಿದ್ದಳು.

“ಇದು ನಾನ್ ಕೊಟ್ಟಿದ್ ಕೋಲಾ?”

ಕೋಲನ್ನು ಅಪ್ಪನ ಕಡೆ ಚಾಚಿದಳು.

“ಅವ್ಳ್ ಮದ್ವೇಲಿ ನಮ್ಮನೇರು ಮಾಡ್ಕೊಟ್ಟಿದ್ದು. ಅವ್ಳು ಹಿಡ್ದು ಹಿಡ್ದು ಇಲ್ಲಿ ಸವ್ದಿತ್ತು. ಹೋದ್ ಸಲ ಬಂದಾಗ ನಾನ್ ಹಿಡ್ಕೊಂಡ್ರೆ ನನ್ ಕೈಯಿ ಅವ್ಳ್ ಕೈ ಜಾಗದಲ್ಲಿ ಕೂತ್ಕೊಂಡಿತ್ತು. ಎಲ್ಲೋಯ್ತು ಅದು?”

ಆಗ ನನಗೆ ಗೊತ್ತಾಯಿತು. ಅಪ್ಪನಿಗೂ ಆಗಲೇ ಗೊತ್ತಾಯಿತು. ಅವನ ಕಣ್ಣೂ ಕೋಲಿನ ಆ ಜಾಗದ ಮೇಲೇ ಇತ್ತು. ಮಿಷನ್ನಿನಲ್ಲಿ ಅಲುಗಾಡಿದ್ದು ಅವ್ವನ ಹಿಡಿ. ಅವನು ಅದನ್ನು ತಪ್ಪೆಂದು ತಿಳಿದು ಸರಿ ಮಾಡಿದ್ದ.

“ನಾನು ಕಣತ್ತೆ. ನಾನೇ ಉಳಿ ಕೊಟ್ಬುಟ್ಟೆ. ನೋಡ್ನಿಲ್ಲ. ಕೈ ಹೊಂಟೋಯ್ತು.”

“ಇಲ್ಲ ಅಜ್ಜಿ, ನಾನು. ನಾನೇ ಹೊಸ್ದು ಮಾಡು ಅಂದಿದ್ದು. ಅಪ್ಪ ಬ್ಯಾಡ ಅಂದ್ರೂ ಕೆಳಗಂಟ ಬಣ್ಣ ಹಚ್ಚಿದ್ದು ನಾನು.”

“ಅವ್ಳ್ದೇನಿಲ್ಲ ಅತ್ತೆ. ಮಗೀಗೇನ್ ಗೊತ್ತು?”

“ಅಪ್ಪಂದೇನಿಲ್ಲ ಅಜ್ಜಿ!”

ನಾವಿಬ್ಬರೂ ಒಟ್ಟಿಗೆ ಮಾತಾಡುತ್ತಿದ್ದೆವು, ಒಬ್ಬರ ಮಾತನ್ನು ಒಬ್ಬರು ತಡೆಯುತ್ತಿದ್ದೆವು. ಅಪ್ಪ ತಟ್ಟೆಗಳನ್ನು ಕೆಳಗಿಟ್ಟು ಅಜ್ಜಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಹನ್ನೊಂದು ದಿನವೂ ಅಳದಿದ್ದವನು ಅವತ್ತು ಅತ್ತ. ಮುಖ ಮುಚ್ಚಿಕೊಳ್ಳಲೂ ಇಲ್ಲ. ಗಂಡಸರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಅವನ ಅಂಗಿ ಹಿಡಿದುಕೊಂಡೆ. ಎಲ್ಲ ಮುಗಿಯಿತು, ಇನ್ನು ಚೀಲಕ್ಕೆ ಲಂಗ ತುಂಬುವುದೊಂದೇ ಬಾಕಿ ಎಂದು ನನಗನ್ನಿಸಿತು.

ಅಜ್ಜಿ ಕೋಲನ್ನು ನಿಧಾನವಾಗಿ ಪಾತ್ರೆಯ ಪಕ್ಕ ಇಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪನ ಭುಜ ಮುಟ್ಟಿದಳು.

“ಎದ್ದೇಳಪ್ಪ. ಹೆಂಗೂ ಅವ್ಳಿಲ್ಲ, ಕೋಲ್ ಇಟ್ಕೊಂಡ್ ಏನ್ ಮಾಡಾನ.”

ಆಮೇಲೆ ನನ್ನ ಕಡೆ ತಿರುಗಿದಳು.

“ನಾನು ಈ ಮಗೀನ ಕರ್ಕೊಂಡೋಗನ ಅಂತ್ಲೇ ಬಂದಿದ್ದು. ಮನೆ ಹೆಂಗಾರ ಇರ್ಲಿ, ಕರ್ಕೊಂಡೇ ಹೋಯ್ತೀನಿ ಅಂತ. ನೀವಿಬ್ರೂ ಒಬ್ರುನ್ನೊಬ್ರು ಬುಟ್ಕೊಡಲ್ಲ. ನಾನ್ಯಾಕೆ ಬುಡಿಸ್ಲಿ? ಇರ್ಲಿ ಇಲ್ಲೇ. ರಜಕ್ಕೆ ಕಳ್ಸು, ಸಾಕು.”

ಹಸಿರು ಮುದ್ದೆಯನ್ನು ಯಾರೂ ತಿನ್ನುವಂತಿರಲಿಲ್ಲ. ಬಾಬಣ್ಣನ ಹೆಂಡತಿ ಕೊಟ್ಟ ಅನ್ನ ಉಂಡೆವು. ವಿಷಯ ಕೇಳಿದ ಬಾಬಣ್ಣ ಬೇಲಿಯ ಆಚೆಯಿಂದಲೇ “ಅಜ್ಜಮ್ಮ, ಇವ್ನು ಮುದ್ದೇನೂ ಅಂಗಡಿಗೆ ಹಾಕಕೆ ಹೊರ್ಟಿದ್ದ” ಎಂದು ಕೂಗಿದ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗುತ್ತ ನಗುತ್ತ ಮತ್ತೆ ಅತ್ತಳು. ಅವಳು ಒಂದು ವಾರ ಉಳಿದಳು. ನನಗೆ ಸಾರು ಕಲಿಸಿದಳು. ಅಪ್ಪನಿಗೆ ಸಡಿಲವಾಗಿ ಜಡೆ ಹಾಕುವುದನ್ನು ಕಲಿಸಿದಳು. ಅದು ಅವನಿಗೆ ಬರಲೇ ಇಲ್ಲ. ಹೊರಡುವ ದಿನ ಗೋಡೆಯ ತಲೆಗಳನ್ನು ಒಂದೊಂದಾಗಿ ತಿರುಗಿಸಿ, ಎಲ್ಲದರ ಮುಖವನ್ನೂ ಗೋಡೆಗೆ ಮಾಡಿ ಹೋದಳು. ಅವಳು ಹೋದ ಮೇಲೆ ಅಪ್ಪ ಮತ್ತೆ ಈ ಕಡೆ ತಿರುಗಿಸಿದ.

ನಾನು ಓದಿದ್ದು ಹತ್ತನೇ ತರಗತಿ. ಆಮೇಲೆ ಅದೇ ಶೆಡ್ಡಿನಲ್ಲಿ ಕೂತೆ. ಅಂಗಡಿಗಳು ಗೊಂಬೆ ಕೊಳ್ಳುವುದನ್ನು ಕಡಿಮೆ ಮಾಡಿದ ಕಾಲದಲ್ಲಿ ನಾವು ಹಳೆಯ ಸಾಮಾನು ಹೊಸದು ಮಾಡುವ ಕೆಲಸಕ್ಕೆ ತಿರುಗಿಕೊಂಡೆವು. ಕಾಲು ಮುರಿದ ಕುರ್ಚಿ, ಬಣ್ಣ ಹೋದ ತೊಟ್ಟಿಲು, ಅಟ್ಟದ ಮೇಲಿಂದ ಇಳಿಸಿದ ಪೆಟ್ಟಿಗೆ. ರಾಮನಗರ, ಮಾಗಡಿ ಕಡೆಯಿಂದಲೂ ಆಟೋದಲ್ಲಿ ಹಾಕಿಕೊಂಡು ತರುತ್ತಾರೆ. ಹೊಸದು ಕೊಳ್ಳಲಾಗದವರು, ಕೊಳ್ಳಲು ಮನಸ್ಸಿಲ್ಲದವರು. ನಾನು ಮರಳು ಕಾಗದ ಮುಟ್ಟುವ ಮೊದಲು ಅವರನ್ನು ಕೂರಿಸಿ, ಸಾಮಾನನ್ನು ಬೆಳಕಿಗೆ ಹಿಡಿದು, ಸವೆದ ಜಾಗಗಳನ್ನು ಒಂದೊಂದಾಗಿ ತೋರಿಸಿ, ಇದು ಹೋಗಬಹುದೇ ಎಂದು ಕೇಳುತ್ತೇನೆ. ಎಷ್ಟೋ ಜನ ನಗುತ್ತಾರೆ. ಸವೆದದ್ದು ಹೋಗಲಿ ಎಂದೇ ತಂದದ್ದಲ್ಲವೇ ಎನ್ನುತ್ತಾರೆ. ಯಾರೋ ಒಬ್ಬರು ಮಾತ್ರ ಕುರ್ಚಿಯ ಕೈಯ ಮೇಲೆ ತಮ್ಮ ಕೈ ಇಟ್ಟು, ಇದೊಂದು ಹಾಗೇ ಇರಲಿ ಎನ್ನುತ್ತಾರೆ.

ಅಪ್ಪನ ಉಳಿಗಳು ಶೆಡ್ಡಿನಲ್ಲಿವೆ. ದೊಡ್ಡ ಉಳಿಯ ಹಿಡಿಯಲ್ಲಿ ಅವನ ಹೆಬ್ಬೆರಳು ಕೂತು ಕೂತು ಒಂದು ಗುಳಿಯಾಗಿದೆ. ಅದಕ್ಕೆ ನಾನು ಎಣ್ಣೆ ಕೂಡ ಹಚ್ಚಿಲ್ಲ. ಬೆಳಿಗ್ಗೆ ಕೆಲಸಕ್ಕೆ ಕೂರುವಾಗ ಅದನ್ನು ಹಿಡಿಯುತ್ತೇನೆ. ನನ್ನ ಹೆಬ್ಬೆರಳಿಗೆ ಆ ಗುಳಿ ಅಗಲ, ಬೆರಳುಗಳು ಅವನ ಜಾಗದವರೆಗೆ ಎಟಕುವುದಿಲ್ಲ. ಹಾಗಾಗಿ ಅಪ್ಪನ ಕೈ ಎಷ್ಟು ದೊಡ್ಡದಿತ್ತೆಂದು ನನಗೆ ಗೊತ್ತು. ಅವ್ವನ ಕೈ ಎಷ್ಟಿತ್ತೆಂದು ಗೊತ್ತಿಲ್ಲ.